ಕಲೆಯೂ ಹೊಣೆಯೂ

ಗೃಹಸ್ಥನ ಬಾಳಿನಲ್ಲಿ ಸಣ್ಣದೆಂದು ಕಡೆಗಣಿಸಬಹುದಾದ ಸಂಗತಿಯೇ ಇಲ್ಲ. ಮಹತ್ತಾದ ಧರ್ಮಸಂಕಟಗಳು ಜೀವಮಾನದಲ್ಲಿ ಒಮ್ಮೆಯೋ ಎರಡು ಸಲವೋ ಎದುರಾಗುವುವು. ಆದರೆ ಮನುಷ್ಯನ ಶೀಲವನ್ನು ಒರೆಗೆ ಹಚ್ಚುವ ಪ್ರಸಂಗಗಳು ಅಡುಗೆಮನೆಯಲ್ಲಿ, ಅಂಗಳದಲ್ಲಿ, ಬಟ್ಟೆ ಒಣಹಾಕಿದ ಹಗ್ಗದ ಬಳಿಯಲ್ಲಿ ದಿನವೂ ಒದಗುತ್ತಲೇ ಇರುವುವು. ಉಟ್ಟ ಬಟ್ಟೆಯ ಮೇಲೆ, ಹಾಸಿದ ಜಮಖಾನದ ಮೇಲೆ ಗೋಡೆಗೋ ಬಾಗಿಲಿಗೋ ಬಳಿಯುವ ಬಣ್ಣ ಬಿದ್ದು ಕಲೆಯಾಗುವುದು ಅಂಥದೊಂದು ಪ್ರಸಂಗ. ಅದನ್ನು ತೆಗೆಯುವ ಬಗೆ ಹೇಗೆಂಬುದು ಮನೆವಾರ್ತೆಯ ಪ್ರಶ್ನೆ. ಅದು ಬಿದ್ದಾಗ ಹೊಣೆ ಯಾರದು, ಕಲೆ ಹೋಯಿತೆಂದು ಹೇಳಲು ಏನೇನು ಹೋಗಬೇಕು ಎಂಬುದು ನೀತಿಯ ಪ್ರಶ್ನೆ. ಇವೆರಡೂ ಬೇರೆ ಬೇರೆಯಾಗಿ ತೋರಿದರೂ ಒಂದನ್ನು ಬಿಟ್ಟು ಇನ್ನೊಂದಕ್ಕೆ ಸಮಾಧಾನ ದೊರೆಯದು.

ಸೇಡಂ ತಾಲ್ಲೂಕಿನ ಆಡಕಿ ಮತ್ತು ಅದರ ಸುತ್ತಣ ಸೀಮೆಯವರಿಗೆ ಸುಣ್ಣವೂ ಬಣ್ಣವೂ ಹೊಸವಲ್ಲ. ಇಲ್ಲಿಯ ನೆಲವೇ ಸುಣ್ಣದ ಕಲ್ಲಿನದು. ಶಹಾಬಾದದ ಹೆಸರಿನಿಂದಲೇ ನಾಡಿನಲ್ಲೆಲ್ಲ ಪ್ರಸಿದ್ಧವಾದ ಫರಸಿ ಈ ನೆಲದಿಂದ ಎದ್ದು ಎಷ್ಟೋ ಮನೆಗಳ ಪಡಸಾಲೆಗೆ ಹಾಸಾಗಿದೆ. ಅದೇ ಸುಣ್ಣದ ಕಲ್ಲನ್ನು ನಂಬಿ ವಾಡಿ, ಮಳಖೇಡ, ಸೇಡಂಗಳಲ್ಲಿ ಸಿಮೆಂಟಿನ ಕಾರ್ಖಾನೆಗಳು ನಿಂತಿವೆ. ಹಿಂದೆ ಹಬ್ಬವೋ ಜಾತ್ರೆಯೋ ಸಮೀಪಿಸಿತೆಂದರೆ ಗೋಡೆಗೆ ಸುಣ್ಣ, ಬುಡಕ್ಕೆ ಕೆಮ್ಮಣ್ಣಿನ ಪಟ್ಟಿ. ಅಷ್ಟಕ್ಕೇ ಮನೆ ನಗುತ್ತಿತ್ತು. ಈಗ ಗೋಡೆಗೆ ನೀರಿನಲ್ಲಿ ಕಲಸುವ ಇಮಲ್ಷನ್ ಬಣ್ಣ, ಬಾಗಿಲು ಕಿಟಕಿಗಳಿಗೆ ಎಣ್ಣೆಯ ಬಣ್ಣ ಬಂದಿವೆ. ಮನೆಯ ಅಂದ ಹೆಚ್ಚಿದೆ. ಅದರೊಡನೆ ಕಲೆಯ ಜಾತಿಗಳೂ ಹೆಚ್ಚಿವೆ.

ಒಂದು ದೃಷ್ಟಾಂತವನ್ನು ಭಾವಿಸಬಹುದು. ಮನೆಯಲ್ಲಿ ಮದುವೆಯ ಕಾರ್ಯ ಒದಗಿದೆ. ಬಂದವರಿಗೆ ಹಾಸಲೆಂದು ಯಜಮಾನನು ಊರ ಗುಡಿಯಿಂದ ದೊಡ್ಡ ಜಮಖಾನವೊಂದನ್ನು ಕೇಳಿ ತಂದಿದ್ದಾನೆ. ಹತ್ತಿಯ ದಪ್ಪ ನೂಲಿನದು. ನವಲಗುಂದದ ಹೆಂಗಸರು ಮಗ್ಗದ ಮುಂದೆ ಕುಳಿತು ಕೈಯಿಂದ ನೇಯುವಂಥದು. ಯಾರೋ ಭಕ್ತರು ಹರಕೆಯಿಂದ ಗುಡಿಗೆ ಒಪ್ಪಿಸಿದ್ದು. ಕೆಲಸದ ಅವಸರದಲ್ಲಿ ಜಮಖಾನವನ್ನು ಪಡಸಾಲೆಯಲ್ಲಿ ಬಿಡಿಸಿಟ್ಟು, ಬಾಗಿಲಿಗೆ ಬಣ್ಣ ಬಳಿಯಲು ದಿನಗೂಲಿಯವನನ್ನು ಕರೆದಿದ್ದಾನೆ. ಆ ಬಡವನ ಕೈಯಲ್ಲಿದ್ದ ಡಬ್ಬಿ ಜಾರಿತು. ಒಂದು ಮೊಳದಷ್ಟು ಅಗಲ ಹಸಿರು ಬಣ್ಣ ಚೆಲ್ಲಿತು. ಯಜಮಾನನ ಧೋತರದ ಅಂಚಿಗೂ ಒಂದಿಷ್ಟು ಸಿಡಿಯಿತು.

ಇಂಥ ಗಳಿಗೆಯಲ್ಲಿ ಲೋಕದಲ್ಲಿ ಸಾಮಾನ್ಯವಾಗಿ ನಡೆಯುವುದು ಮೂರು ಬಗೆ. ಮೊದಲನೆಯದು ಬೈಗಳು. ಕಲೆ ಒಣಗುತ್ತಿರುವಾಗ ನಾಲಗೆ ಹರಿಯುತ್ತಿರುತ್ತದೆ. ಕೊನೆಗೆ ಆ ದಿನದ ಕೂಲಿಯನ್ನು ಹಿಡಿದುಕೊಂಡು ಆಳನ್ನು ಕಳಿಸಿಬಿಡುವುದು. ಎರಡನೆಯದು ಮರೆಮಾಚುವುದು. ಕಲೆಯಿದ್ದ ಮಗ್ಗುಲು ಒಳಗಾಗುವಂತೆ ಮಡಚಿ, ಕತ್ತಲಾದ ಮೇಲೆ ಗುಡಿಯ ಮೂಲೆಗೆ ಮುಟ್ಟಿಸಿ ಬರುವುದು. ಮೂರನೆಯದು ಉದಾಸೀನ. ಹಳೆಯ ಜಮಖಾನ ತಾನೆ, ಹೊಸದೊಂದನ್ನು ಕೊಂಡು ಕೊಟ್ಟರಾಯಿತೆಂದು ಹಣದ ಮಾತಿನಲ್ಲಿ ಮುಗಿಸಿಬಿಡುವುದು. ಈ ಮೂರರಲ್ಲಿ ಮೊದಲನೆಯವನು ಹೊಣೆಯನ್ನು ಬಡವನ ಮೇಲೆ ಎಸೆದನು. ಎರಡನೆಯವನು ಅದನ್ನು ಕತ್ತಲೆಗೆ ಎಸೆದನು. ಮೂರನೆಯವನು ಹಣದ ಚೀಲಕ್ಕೆ ಎಸೆದನು. ಕಲೆಯ ಬಳಿಗೆ ಬಾಗಿದವರು ಮೂವರಲ್ಲಿ ಒಬ್ಬರೂ ಇಲ್ಲ!

ಬಾಗಿ ನೋಡುವವನಿಗೆ ಮೊದಲು ತಿಳಿಯಬೇಕಾದುದು ಕಲೆಯ ಸ್ವಭಾವ. ಬಟ್ಟೆಗೆ ಹಾಕುವ ರಂಗು ಬೇರೆ, ಗೋಡೆಗೆ ಬಳಿಯುವ ಬಣ್ಣ ಬೇರೆ. ರಂಗು ನೂಲಿನೊಳಗೆ ಇಳಿದು ನೂಲಿನೊಡನೆ ಒಂದಾಗುವುದು. ಗೋಡೆಯ ಬಣ್ಣದಲ್ಲಿ ನೀರಿನಲ್ಲೂ ಎಣ್ಣೆಯಲ್ಲೂ ಕರಗದ ನುಣುಪಾದ ಪುಡಿಯಿರುವುದು. ಆ ಪುಡಿಯನ್ನು ಹಿಡಿದು ನಿಲ್ಲಿಸುವ ಅಂಟು ಇರುವುದು. ಅಂಟನ್ನು ತೆಳ್ಳಗೆ ಮಾಡುವ ದ್ರವವಿರುವುದು. ದ್ರವ ಆರಿದ ಮೇಲೆ ಅಂಟು ಪುಡಿಯೊಡನೆ ನೂಲನ್ನು ಕಚ್ಚಿಕೊಳ್ಳುವುದು. ಆದಕಾರಣ ಕಲೆಯನ್ನು ತೆಗೆಯುವುದೆಂದರೆ ಆ ಅಂಟಿನ ಹಿಡಿತವನ್ನು ಬಿಡಿಸುವುದಲ್ಲದೆ ಬೇರೆಯಲ್ಲ. ಅಂಟು ಯಾವುದೆಂದು ತಿಳಿಯದೆ ತೊಳೆಯಹೊರಟವನು ಬೀಗವನ್ನು ನೋಡದೆ ಕೀಲಿಯನ್ನು ತಿರುವಿದವನಂತೆ.

ನೀರಿನ ಬಣ್ಣವಾದ ಇಮಲ್ಷನ್ ಹಸಿಯಾಗಿದ್ದರೆ ನೀರೂ ಸಾಬೂನೂ ಸಾಕು. ಬಟ್ಟೆಯನ್ನು ಮಗುಚಿ ಹಿಂಬದಿಯಿಂದ ನೀರು ಬಿಡಬೇಕು. ಬಂದ ದಾರಿಯಿಂದಲೇ ಬಣ್ಣ ಹಿಂದಕ್ಕೆ ಹೋಗುವುದು. ಆದರೆ ನೀರು ಆರಿದೊಡನೆ ಅದರೊಳಗಿನ ಸೂಕ್ಷ್ಮ ಕಣಗಳು ಒಂದಕ್ಕೊಂದು ಬೆಸೆದು ಪೊರೆಯಾಗುವುವು. ಆಮೇಲೆ ನೀರಿನಲ್ಲಿ ಹುಟ್ಟಿದ ಆ ಬಣ್ಣ ನೀರಿಗೇ ಅಂಜದು. ಆಗ ಸ್ಪಿರಿಟ್ಟಿನಲ್ಲಿ ಅದ್ದಿದ ಅರಿವೆಯಿಂದ ಮತ್ತೆ ಮತ್ತೆ ಒತ್ತಿ, ಪೊರೆ ಮೆತ್ತಗಾದ ಮೇಲೆ ಉಗುರಿನಿಂದಲೋ ಚಮಚದ ಅಂಚಿನಿಂದಲೋ ಮೆಲ್ಲನೆ ಬಿಡಿಸಬೇಕು. ಎಣ್ಣೆಯ ಬಣ್ಣಕ್ಕೆ ನೀರಿನಿಂದ ಪ್ರಯೋಜನವಿಲ್ಲ. ಅದಕ್ಕೆ ಟರ್ಪೆಂಟೈನ್ ಬೇಕು. ಬಣ್ಣ ಸಡಿಲವಾದ ಬಳಿಕ ಉಳಿದ ಎಣ್ಣೆಯಂಶವನ್ನು ಸಾಬೂನಿನಿಂದ ತೆಗೆಯಬೇಕು. ಇದು ಕೂಡ ಹಸಿಯಿರುವಾಗಲೇ. ಎಣ್ಣೆಯ ಬಣ್ಣ ಆರುವುದೆಂದರೆ ಬರಿಯ ಒಣಗುವುದಲ್ಲ. ಗಾಳಿಯಲ್ಲಿರುವ ಆಮ್ಲಜನಕದೊಡನೆ ಕೂಡಿ ಅದು ಬೇರೊಂದು ಪದಾರ್ಥವೇ ಆಗಿ ಗಟ್ಟಿಗೊಳ್ಳುವುದು. ಆಮೇಲೆ ಅದನ್ನು ತೆಳ್ಳಗೆ ಮಾಡಿದ ಟರ್ಪೆಂಟೈನೇ ಅದನ್ನು ಕರಗಿಸಲಾರದು. ಕಲೆ ಪೂರ್ತಿ ಹೋಗುವ ಮುನ್ನ ಇಸ್ತ್ರಿ ಮಾಡಿದರಂತೂ ಶಾಖಕ್ಕೆ ಅದು ಇನ್ನಷ್ಟು ಬಲಿಯುವುದು.

ಸುಣ್ಣದ ಕಥೆ ಇವೆರಡಕ್ಕಿಂತಲೂ ವಿಚಿತ್ರ. ಸುಣ್ಣದ ಕಲ್ಲನ್ನು ಸುಟ್ಟಾಗ ಅದರಿಂದ ಇಂಗಾಲದ ಡೈ ಆಕ್ಸೈಡ್ ಹೊರಟುಹೋಗುವುದು. ನೀರು ಹಾಕಿ ಅರಳಿಸಿ ಗೋಡೆಗೆ ಬಳಿದ ಮೇಲೆ ಅದೇ ಅನಿಲವನ್ನು ಗಾಳಿಯಿಂದ ಹೀರಿ ಸುಣ್ಣವು ತಿರುಗಿ ಕಲ್ಲಾಗುವುದು. ಬಟ್ಟೆಯ ಮೇಲೆ ಆರಿದ ಸುಣ್ಣದ ಕಲೆಯೂ ಸಣ್ಣದೊಂದು ಕಲ್ಲೇ. ಕೊಡವಿ, ಉಜ್ಜಿ, ನೀರಿನಲ್ಲಿ ಜಾಲಿಸಿದ ಮೇಲೂ ಉಳಿದುದಕ್ಕೆ ನಿಂಬೆಯ ರಸವನ್ನೋ ವಿನೆಗರನ್ನೋ ಹಾಕಿದರೆ ನೊರೆಯೆದ್ದು ಕರಗುವುದು. ಆದರೆ ಇಲ್ಲೊಂದು ಎಚ್ಚರ ಅವಶ್ಯಕ. ಶಹಾಬಾದದ ಫರಸಿಯ ಮೇಲೆ ಬಟ್ಟೆಯನ್ನು ಹರಡಿಕೊಂಡು ಈ ಕೆಲಸ ಮಾಡಕೂಡದು. ಫರಸಿಯೂ ಸುಣ್ಣದ ಕಲ್ಲೇ ಆದುದರಿಂದ ಹುಳಿ ಅದನ್ನೂ ತಿನ್ನುವುದು. ಬಟ್ಟೆಯ ಕಲೆ ಹೋಗಿ, ನೆಲದ ಮೇಲೆ ಮಂಕಾದ ಮಚ್ಚೆಯೊಂದು ಎಂದೆಂದಿಗೂ ಉಳಿಯುವುದು. ಹಸಿ ಸುಣ್ಣವಾದರೆ ರೇಷ್ಮೆ, ಉಣ್ಣೆಗಳನ್ನು ಕೆಡಿಸುವುದು. ಕಣ್ಣಿಗೆ ಸಿಡಿದರೆ ಅಪಾಯ. ಆಗ ಮಾಡಬೇಕಾದ ಮೊದಲ ಕೆಲಸ ಧಾರಾಳವಾಗಿ ನೀರು ಹಾಕಿ ತೊಳೆಯುವುದು.

ಜಮಖಾನವನ್ನು ಶುದ್ಧಗೊಳಿಸುವಲ್ಲಿ ಇನ್ನೂ ಹೆಚ್ಚಿನ ತಾಳ್ಮೆ ಬೇಕು. ಚೆಲ್ಲಿದ ಬಣ್ಣವನ್ನು ಮೊದಲು ಚಮಚದಿಂದ ಮೇಲೆತ್ತಬೇಕು. ಬಳಿಕ ಬಿಳಿಯ ಅರಿವೆಯಿಂದ ಒತ್ತಿ ಹೀರಿಸಬೇಕು, ತಿಕ್ಕಕೂಡದು. ತಿಕ್ಕಿದಷ್ಟೂ ಬಣ್ಣ ನೂಲಿನ ಆಳಕ್ಕೆ ಇಳಿಯುವುದು, ಅಗಲಕ್ಕೂ ಹರಡುವುದು. ಕಲೆಯ ಅಂಚಿನಿಂದ ನಡುವಿನ ಕಡೆಗೆ ಬರಬೇಕೇ ಹೊರತು ನಡುವಿನಿಂದ ಹೊರಕ್ಕೆ ಹೋಗಬಾರದು. ಯಾವ ದ್ರವವನ್ನಾಗಲಿ ಮೊದಲು ಕಾಣದ ಮೂಲೆಯೊಂದರಲ್ಲಿ ಹಚ್ಚಿ, ಜಮಖಾನದ ಸ್ವಂತ ರಂಗು ಬಿಡುವುದೋ ಇಲ್ಲವೋ ಎಂದು ಪರೀಕ್ಷಿಸಬೇಕು. ಟರ್ಪೆಂಟೈನ್ ಉಪಯೋಗಿಸುವಾಗ ದೀಪ, ಒಲೆ, ಬೀಡಿಗಳು ಹತ್ತಿರ ಇರಬಾರದು, ಬಾಗಿಲು ತೆರೆದಿರಬೇಕು. ಅಗಸೆಯೆಣ್ಣೆಯ ಬಣ್ಣ ಹೀರಿದ ಅರಿವೆಗಳನ್ನು ಮುದ್ದೆ ಮಾಡಿ ಮೂಲೆಗೆ ಒಗೆದರೆ ತಾವೇ ಕಾವೇರಿ ಬೆಂಕಿ ಹೊತ್ತಿಕೊಳ್ಳುವುದುಂಟು. ಅವನ್ನು ಬಯಲಿನಲ್ಲಿ ಹರಡಿ ಒಣಗಿಸಬೇಕು. ಹಳೆಯ ಬಾಗಿಲಿನ ಬಣ್ಣವನ್ನು ಕೆರೆಯುವಾಗ ಏಳುವ ಧೂಳಿನ ವಿಷಯದಲ್ಲಿಯೂ ಜಾಗರೂಕತೆ ಬೇಕು. ಮನೆಗೆ ಬಳಿಯುವ ಬಣ್ಣದಲ್ಲಿ ಸೀಸದ ಪ್ರಮಾಣ ಹತ್ತು ಲಕ್ಷ ಭಾಗಗಳಿಗೆ 90 ಭಾಗವನ್ನು ಮೀರಬಾರದೆಂದು ಭಾರತ ಸರಕಾರವು 2016ರಲ್ಲಿ ನಿಯಮ ಮಾಡಿತು. ಅದು 2017ರ ನವೆಂಬರಿನಲ್ಲಿ ಜಾರಿಗೆ ಬಂದಿತು. ಅದಕ್ಕಿಂತ ಹಿಂದಿನ ಬಣ್ಣದಲ್ಲಿ ಸೀಸ ಹೆಚ್ಚಾಗಿರುವ ಸಂಭವವುಂಟಾದ್ದರಿಂದ ಮಕ್ಕಳನ್ನೂ ಬಸುರಿಯರನ್ನೂ ಆ ಧೂಳಿನಿಂದ ದೂರವಿಡುವುದು ಹಿರಿಯರ ಕರ್ತವ್ಯ.

ಇಷ್ಟನ್ನು ತಿಳಿದ ಮೇಲೆ ನೀತಿಯ ಪ್ರಶ್ನೆ ತಾನಾಗಿಯೇ ಸ್ಪಷ್ಟವಾಗುತ್ತದೆ. ಯಾರಾದರೂ ಹೀಗೆ ಆಕ್ಷೇಪಿಸಬಹುದು: "ಡಬ್ಬಿ ಜಾರಿದುದು ಬೇಕೆಂದು ಅಲ್ಲ. ಆಳಿನ ಮನಸ್ಸಿನಲ್ಲಿ ಕೇಡಿಲ್ಲ, ಯಜಮಾನನ ಮನಸ್ಸಿನಲ್ಲಿಯೂ ಇಲ್ಲ. ಕೇಡಿನ ಬುದ್ಧಿ ಇಲ್ಲದೆಡೆ ಪಾಪವೆಲ್ಲಿ? ಪಾಪವಿಲ್ಲದೆಡೆ ಹೊಣೆಯೆಲ್ಲಿ?" ಮೇಲೆ ನೋಡಿದರೆ ಈ ವಾದ ಸರಿಯಾಗಿಯೇ ತೋರುತ್ತದೆ. ಆದರೆ ಇದರಲ್ಲಿ ದೋಷವನ್ನೂ ಹೊಣೆಯನ್ನೂ ಒಂದೇ ಎಂದು ಎಣಿಸಿದ ತಪ್ಪಿದೆ. ದೋಷವು ಮನಸ್ಸಿಗೆ ಸಂಬಂಧಿಸಿದ್ದು. ಹೊಣೆಯು ಬಾಳಿಗೆ ಸಂಬಂಧಿಸಿದ್ದು. ಆಳು ಬೇಕೆಂದು ಚೆಲ್ಲಲಿಲ್ಲ; ಆದುದರಿಂದ ಅವನನ್ನು ಕೆಟ್ಟವನೆಂದು ಬೈಯುವ ಹಕ್ಕು ಯಾರಿಗೂ ಇಲ್ಲ. ಆದರೂ ಗುಡಿಯ ಜಮಖಾನ ಕೆಟ್ಟಿರುವುದಂತೂ ನಿಜ. ಅದನ್ನು ಸರಿಪಡಿಸಬೇಕಾದವರು ಇರಲೇಬೇಕು. ಯಾರ ಮನೆಯಲ್ಲಿ, ಯಾರ ಕೆಲಸದಲ್ಲಿ, ಯಾರ ಮಾತಿನ ಮೇಲೆ ತಂದ ವಸ್ತು ಕೆಟ್ಟಿತೋ ಅವನೇ ಮೊದಲು ಮುಂದೆ ಬರತಕ್ಕವನು. ಬಣ್ಣ ಬಳಿಯುವ ಪಡಸಾಲೆಯಲ್ಲಿ ಎರವಲು ತಂದ ಜಮಖಾನವನ್ನು ಬಿಡಿಸಿಟ್ಟವನು ಆಳಲ್ಲ, ಯಜಮಾನ. ಕೈ ಜಾರಿದುದು ಒಂದು ಗಳಿಗೆ. ಎಚ್ಚರ ಜಾರಿದುದು ಅದಕ್ಕೂ ಮೊದಲೇ.

ಈ ವಿವೇಕ ಮೂಡಿದವನು ಕೂಲಿಯನ್ನು ಹಿಡಿಯಲಾರನು. ಹನ್ನೆರಡನೆಯ ಶತಮಾನದ ಶರಣರಲ್ಲಿ ಆಯ್ದಕ್ಕಿ ಮಾರಯ್ಯ, ಲಕ್ಕಮ್ಮ ದಂಪತಿಗಳ ಪ್ರಸಂಗ ಭಕ್ತರೆಲ್ಲರಿಗೂ ತಿಳಿದಿರುವಂಥದೇ. ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು ದಾಸೋಹ ನಡೆಸುವುದು ಆತನ ಕಾಯಕ. ಒಂದು ದಿನ ಆತನು ಎಂದಿಗಿಂತ ಹೆಚ್ಚು ಅಕ್ಕಿ ತಂದಾಗ, ಅಂದಿನ ಅವಶ್ಯಕತೆಗೆ ಮಿಕ್ಕುದು ತಮ್ಮದಲ್ಲವೆಂದು ಆ ತಾಯಿ ಅದನ್ನು ಹಿಂದಕ್ಕೆ ಕಳಿಸಿದಳು. ತನ್ನ ಪಾಲಿಗೆ ಸಲ್ಲದ ಒಂದು ಹಿಡಿ ಅಕ್ಕಿಯೂ ಮನೆಯೊಳಗೆ ಉಳಿಯಬಾರದೆಂಬ ಆ ನಿಷ್ಠೆಯ ಮುಂದೆ, ಸಿಟ್ಟಿನಲ್ಲಿ ಹಿಡಿದುಕೊಂಡ ಒಬ್ಬ ಬಡವನ ಕೂಲಿಯನ್ನು ಇಟ್ಟು ನೋಡಬೇಕು. ದಿನವೆಲ್ಲ ಬಾಗಿಲಿಗೆ ಬಣ್ಣ ಬಳಿದ ಶ್ರಮ ಆತನದು. ಆ ಹಣ ಮನೆಯೊಳಗೆ ಉಳಿದರೆ ಅದು ಲಕ್ಕಮ್ಮನು ಹಿಂದಕ್ಕೆ ಕಳಿಸಿದ ಅಕ್ಕಿಗಿಂತಲೂ ಭಾರವಾದುದು. ಜಮಖಾನದ ಕಲೆಗೆ ಟರ್ಪೆಂಟೈನ್ ಉಂಟು. ಸಂಜೆ ಬರಿಗೈಯಲ್ಲಿ ಮನೆಗೆ ಹೋದವನ ಮಕ್ಕಳ ಹಸಿವು ಯಜಮಾನನ ಬಾಳಿನ ಮೇಲೆ ಬಿಡುವ ಕಲೆಗೆ ಯಾವ ಅಂಗಡಿಯಲ್ಲಿಯೂ ಔಷಧವಿಲ್ಲ.

ಬಟ್ಟೆಯ ಕಲೆಯನ್ನು ಕುರಿತು ಮಾತನಾಡುವಾಗ ಮಡಿವಾಳ ಮಾಚಿದೇವರನ್ನು ನೆನೆಯದೆ ಇರುವುದು ಹೇಗೆ? ದೇವರ ಹಿಪ್ಪರಗಿಯಲ್ಲಿ ಜನಿಸಿ ಕಲ್ಯಾಣಕ್ಕೆ ಬಂದು, ಕಲಿದೇವರದೇವ ಎಂಬ ಅಂಕಿತದಲ್ಲಿ ವಚನಗಳನ್ನು ರಚಿಸಿದ ಆ ಮಹಾನುಭಾವರು ಶರಣರ ಬಟ್ಟೆಗಳನ್ನು ಒಗೆಯುವುದನ್ನೇ ಕಾಯಕವಾಗಿ ಮಾಡಿಕೊಂಡಿದ್ದರು. ಯಾವ ಕೆಲಸವನ್ನು ಅಂದಿನ ಲೋಕವು ಕೀಳೆಂದು ಎಣಿಸಿತ್ತೋ ಆ ಕೆಲಸದಲ್ಲಿಯೇ ಅವರು ಎಲ್ಲರಿಗಿಂತ ಎತ್ತರಕ್ಕೆ ನಿಂತರು. ದಾನದ ವಿಷಯದಲ್ಲಿ 'ಕೊಡುವವನು ನಾನು' ಎಂಬ ಭಾವ ಬಸವಣ್ಣನವರಲ್ಲಿ ಒಮ್ಮೆ ಸುಳಿದಾಗ ಅದನ್ನು ಕಂಡು ತಿದ್ದಿದವರೂ ಮಾಚಿದೇವರೇ ಎಂದು ಪುರಾಣಗಳು ಹೇಳುತ್ತವೆ. ಬಟ್ಟೆಯ ಕೊಳೆಯನ್ನು ದಿನವೂ ನೋಡುವ ಕಣ್ಣಿಗೆ ಮನಸ್ಸಿನ ಕೊಳೆಯೂ ಬೇಗ ಕಂಡಿತು. ತಿದ್ದಿಸಿಕೊಂಡವರು ಕಲ್ಯಾಣದ ಮಂತ್ರಿಗಳು. ಅವರು ಮಡಿವಾಳನ ಮಾತೆಂದು ತಳ್ಳಿಹಾಕಲಿಲ್ಲ. ತಿದ್ದುವವನ ಧೈರ್ಯವೂ ತಿದ್ದಿಸಿಕೊಳ್ಳುವವನ ವಿನಯವೂ ಒಂದೆಡೆ ಕೂಡಿದಾಗ ಮಾತ್ರ ಕಲೆ ಹೋಗುವುದೆಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಕಿಲ್ಲ.

ಇಲ್ಲಿ ಇನ್ನೊಂದು ಮಾತನ್ನು ವಿವೇಚಿಸುವುದು ಅವಶ್ಯ. ಕಲೆಯ ಉಪಮೆ ಬಲು ಉಪಯುಕ್ತವಾದುದಾದರೂ ಅಪಾಯಕರವೂ ಹೌದು. ಬಟ್ಟೆಗೆ ಮುಟ್ಟಿದರೆ ಕಲೆ ಹತ್ತುವಂತೆ ಮನುಷ್ಯನಿಗೂ ಮನುಷ್ಯನನ್ನು ಮುಟ್ಟಿದರೆ ಮೈಲಿಗೆ ಹತ್ತುವುದೆಂದು ಲೋಕ ಬಹುಕಾಲ ನಂಬಿತ್ತು. ಶರಣರು ಅದನ್ನು ಒಪ್ಪಲಿಲ್ಲ. ಜನನ, ಮರಣ, ಜಾತಿ, ರಜಸ್ಸು, ಉಚ್ಛಿಷ್ಟ ಎಂಬ ಐದು ಸೂತಕಗಳನ್ನೂ ಅವರು ಅಲ್ಲಗಳೆದರು. ಬಣ್ಣ ಹತ್ತುವುದು ನೂಲಿಗೆ. ಮನುಷ್ಯನಿಗೆ ಹತ್ತುವುದು ಅವನ ನಡತೆಯೇ ಹೊರತು ಇನ್ನೊಬ್ಬರ ಹುಟ್ಟಲ್ಲ, ಇನ್ನೊಬ್ಬರ ಕೆಲಸವಲ್ಲ. ಮೈತುಂಬ ಬಣ್ಣದ ಹನಿಗಳನ್ನು ಹೊತ್ತು ಬಂದ ಕೂಲಿಯವನನ್ನು ಪಡಸಾಲೆಯ ಹೊರಗೆ ಕೂಡಿಸಿ ನೀರು ಕೊಡುವವನು ಬಟ್ಟೆಯ ಧರ್ಮವನ್ನು ಮನುಷ್ಯನ ಮೇಲೆ ಹೊರಿಸಿದನು. ಆ ಹನಿಗಳು ದುಡಿಮೆಯ ಗುರುತುಗಳು. ಅವು ಒಗೆದರೆ ಹೋಗುವುವು, ಹೋಗದಿದ್ದರೂ ಕುಂದಿಲ್ಲ.

ಇನ್ನು ಕಲೆ ತೆಗೆಯುವ ಕ್ರಮವು ಮನುಷ್ಯರೊಳಗಿನ ವ್ಯವಹಾರಕ್ಕೆ ಏನನ್ನು ಕಲಿಸುತ್ತದೆ? ಹಸಿಯಿರುವಾಗ ಒಂದು ಚೆಂಬು ನೀರಿಗೆ ಹೋಗುವುದು, ಆರಿದ ಮೇಲೆ ತೀಕ್ಷ್ಣವಾದ ದ್ರವಗಳಿಗೂ ಜಗ್ಗದು. ತಪ್ಪಾದ ದಿನವೇ "ತಪ್ಪಾಯಿತು" ಎಂದ ಮಾತಿಗೆ ಇರುವ ಶಕ್ತಿ, ವರ್ಷ ಕಳೆದ ಮೇಲೆ ಹತ್ತು ಜನ ಹಿರಿಯರನ್ನು ಕೂಡಿಸಿದರೂ ಬಾರದು. ಅಣ್ಣತಮ್ಮಂದಿರ ಎಷ್ಟೋ ವೈಮನಸ್ಯಗಳು ಹಸಿಯಾಗಿದ್ದಾಗ ಯಾರೂ ಮುಟ್ಟದೆ ಹೋದುವೆಂಬ ಕಾರಣಕ್ಕೇ ಬಲಿತು ನಿಂತಿವೆ. ತಿಕ್ಕಿದರೆ ಹರಡುವುದು, ಒತ್ತಿ ಹೀರಿದರೆ ಬಿಡುವುದು. ಒಬ್ಬನ ತಪ್ಪನ್ನು ಓಣಿಯಲ್ಲೆಲ್ಲ ಆಡಿ ತಿದ್ದಹೊರಟವನು ಅದನ್ನು ಅಗಲ ಮಾಡಿದನಷ್ಟೆ. ಮೌನವಾಗಿ ಬಳಿಯಲ್ಲಿ ಕುಳಿತು ಕೇಳಿದವನು ಅದನ್ನು ತನ್ನೊಳಗೆ ಹೀರಿಕೊಂಡನು. ಎಣ್ಣೆಯ ಬಣ್ಣಕ್ಕೆ ಎಣ್ಣೆಯ ಜಾತಿಯ ದ್ರವ, ನೀರಿನ ಬಣ್ಣಕ್ಕೆ ನೀರು ಎಂಬಂತೆ ಎಲ್ಲರನ್ನೂ ಒಂದೇ ಗದರಿಕೆಯಿಂದ ತಿದ್ದಲಾಗದು. ನೂಲನ್ನೇ ಸುಡುವಷ್ಟು ಖಾರವಾದ ಔಷಧವು ಕಲೆಯನ್ನು ಕಳೆದು ಬಟ್ಟೆಯನ್ನೂ ಕಳೆಯುವುದು.

ಎಲ್ಲಕ್ಕಿಂತ ಮಿಗಿಲಾಗಿ, ಔಷಧದ ಹನಿ ಎಲ್ಲಿ ಬೀಳುತ್ತದೆಂಬುದನ್ನು ನೋಡಬೇಕು. ಬಟ್ಟೆಯನ್ನು ಶುದ್ಧಮಾಡಹೋಗಿ ಫರಸಿಯನ್ನು ಕೆಡಿಸಿದಂತೆ, ತನ್ನ ಗೌರವವನ್ನು ಉಳಿಸಿಕೊಳ್ಳಹೋಗಿ ಮನೆಯ ಸೊಸೆಯ ಮೇಲೋ ಆಳಿನ ಮೇಲೋ ಅಪವಾದ ಹೊರಿಸುವವರು ಉಂಟು. ಟರ್ಪೆಂಟೈನ್ ಬೆರೆತ ಹೊಲಸನ್ನು ಬಾವಿಯ ಕಟ್ಟೆಯಲ್ಲಿ, ಹಳ್ಳದಲ್ಲಿ, ಕಾಗಿಣೆಯಲ್ಲಿ ಸುರಿದು ತನ್ನ ಧೋತರ ಬೆಳ್ಳಗಾಯಿತೆಂದು ಹಿಗ್ಗುವವನೂ ಅದೇ ಸಾಲಿನವನು. ಅವನು ಕಲೆಯನ್ನು ತೆಗೆಯಲಿಲ್ಲ. ಇನ್ನೊಬ್ಬರು ಕುಡಿಯುವ ನೀರಿಗೆ ವರ್ಗಾಯಿಸಿದನು. ಉಳಿದ ದ್ರವವನ್ನು ಮುಚ್ಚಿದ ಡಬ್ಬಿಯಲ್ಲಿಟ್ಟರೆ ಬಣ್ಣ ತಳಕ್ಕಿಳಿದು ಮೇಲಿನ ತಿಳಿ ಮತ್ತೊಮ್ಮೆ ಕುಂಚ ತೊಳೆಯಲು ಬರುವುದು. ಒಬ್ಬರ ಶುದ್ಧಿ ಇನ್ನೊಬ್ಬರ ಅಶುದ್ಧಿಯಾಗುವುದಾದರೆ ಅದು ಶುದ್ಧಿಯೇ ಅಲ್ಲ.

ಇಷ್ಟೆಲ್ಲ ಮಾಡಿದ ಮೇಲೂ ಕೆಲವು ಕಲೆಗಳು ಉಳಿದೇ ಉಳಿಯುವುವು. ದೃಷ್ಟಾಂತದ ಮನೆಯಲ್ಲಿ ಯಜಮಾನನೂ ಅವನ ಹೆಂಡತಿಯೂ ಆ ಕೂಲಿಯವನೂ ಕೂಡಿ ಕುಳಿತು, ಚಮಚದಿಂದ ಎತ್ತಿ, ಅರಿವೆಯಿಂದ ಒತ್ತಿ, ಟರ್ಪೆಂಟೈನ್ ಹಚ್ಚಿ, ಸಾಬೂನಿನಿಂದ ತೊಳೆದು ಸಂಜೆಯವರೆಗೆ ದುಡಿದರೆಂದು ಇಟ್ಟುಕೊಳ್ಳಬಹುದು. ಮೊಳದಷ್ಟಿದ್ದ ಕಲೆ ಅಂಗೈಯಷ್ಟಾಯಿತು, ಗಾಢವಾದುದು ತೆಳುವಾಯಿತು, ಪೂರ್ತಿಯಾಗಿ ಹೋಗಲಿಲ್ಲ. ಈಗ ಮಾಡತಕ್ಕುದೇನು? ಹಗಲಿನಲ್ಲಿಯೇ ಜಮಖಾನವನ್ನು ಗುಡಿಗೆ ಒಯ್ದು, ಹಿರಿಯರ ಮುಂದೆ ಬಿಡಿಸಿ, ಕಲೆಯಿದ್ದೆಡೆಯಲ್ಲಿಯೇ ಬೆರಳಿಟ್ಟು ತೋರಿಸಬೇಕು. "ನಮ್ಮ ಮನೆಯಲ್ಲಿ ಹೀಗಾಯಿತು, ಇಷ್ಟು ತೆಗೆದೆವು, ಇಷ್ಟು ಉಳಿಯಿತು, ತಾವು ಹೇಳಿದಂತೆ ನಡೆಯುತ್ತೇವೆ" ಎನ್ನಬೇಕು. ಹಿರಿಯರು ಬೆಲೆಯನ್ನು ಕೇಳಿದರೆ ಕೊಡತಕ್ಕುದು. ಇರಲಿ ಎಂದರೆ ಶರಣೆನ್ನತಕ್ಕುದು. ಕೂಲಿಯವನ ಹೆಸರು ಆ ಮಾತಿನಲ್ಲಿ ಬಾರದಿರುವುದೇ ಯಜಮಾನನ ಯಜಮಾನಿಕೆ. ಆತನ ಕೂಲಿ ಹಿಂದಿನ ಸಂಜೆಯೇ ಆತನ ಕೈ ಸೇರಿರಬೇಕು; ಕಲೆ ತೆಗೆಯಲು ಮೇಲೆ ದುಡಿದ ಹೊತ್ತಿನದೂ ಸೇರಿ.

ಆ ಜಮಖಾನ ಮುಂದೆಯೂ ಗುಡಿಯಲ್ಲಿ ಹಾಸುವುದು. ಅದರ ಮೇಲೆ ಭಕ್ತರು ಕುಳಿತು ಭಜನೆ ಮಾಡುವರು, ಪ್ರಸಾದ ಸ್ವೀಕರಿಸುವರು. ಉಳಿದ ಅಂಗೈಯಗಲದ ಕಲೆಯನ್ನು ಕಂಡ ಮಕ್ಕಳು ಅದೇನೆಂದು ಕೇಳಿದರೆ ಹೇಳಲು ಒಂದು ಒಳ್ಳೆಯ ಕಥೆಯಿರುವುದು. ಒಳಮಗ್ಗುಲಿಗೆ ಮಡಚಿ ಇಟ್ಟಿದ್ದರೆ ಅದೇ ಕಲೆ ಪ್ರತಿಯೊಂದು ಜಾತ್ರೆಯಲ್ಲಿಯೂ ಆ ಯಜಮಾನನ ಎದೆಯನ್ನು ಹಿಂಡುತ್ತಿತ್ತು. ಆದುದರಿಂದ ಕಲೆ ಹೋಯಿತೆಂದು ಹೇಳಲು ಹೋಗಬೇಕಾದುದು ಕಣ್ಣಿಗೆ ಕಾಣುವ ಬಣ್ಣವೊಂದೇ ಅಲ್ಲ. ಮರೆಮಾಚುವ ಆಶೆ ಹೋಗಬೇಕು, ಬಡವನ ಮೇಲೆ ಹೊರಿಸುವ ಚಪಲ ಹೋಗಬೇಕು, ಹಣವಿದ್ದರೆ ಎಲ್ಲವೂ ಮುಗಿಯಿತೆಂಬ ಗರ್ವ ಹೋಗಬೇಕು. ಇವು ಹೋದ ಮೇಲೆ ನೂಲಿನ ಮೇಲೆ ಒಂದಿಷ್ಟು ಹಸಿರು ಉಳಿದರೂ ಜಮಖಾನ ಶುದ್ಧವೇ. ಇವು ಉಳಿದರೆ ಹೊಸ ಜಮಖಾನವೂ ಕಲೆಯುಳ್ಳದ್ದೇ. ಮನೆಗೆ ಬಣ್ಣ ಬಳಿಸುವ ಸದ್ಭಕ್ತರು ಹಾಸನ್ನು ಮೊದಲು ಸುತ್ತಿ ಒಳಗಿಡಲಿ. ಅದಾಗದೆ ಕಲೆ ಬಿದ್ದರೆ ಬೇಗನೆ ಬಾಗಲಿ. ಬಾಗಿದಾಗ ಪಕ್ಕದಲ್ಲಿ ಕೂಲಿಯವನಿಗೂ ಸಮನಾಗಿ ಕೂಡಲು ಎಡೆಯಿರಲಿ.